ಜಗಲಿಗೆ ಕೊಡುವ ದುಡ್ಡು

ಡಿಸೆಂಬರ್ ಹತ್ತಿರ ಬಂದರೆ ರಾಜಾಜಿನಗರ, ಬಸವೇಶ್ವರನಗರದ ಮನೆಗಳಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಗೋಕರ್ಣಕ್ಕೆ ಹೋದರೆ ಒಳ್ಳೆ ರೆಸಾರ್ಟಿನಲ್ಲೇ ಇರೋಣ. ಚೀಟಿ ದುಡ್ಡು ಕೈಗೆ ಬಂದಿರುತ್ತದೆ, ಇಲ್ಲವೇ ಮದುವೆಯಾಗಿ ಇಪ್ಪತ್ತೈದು ವರ್ಷ ತುಂಬಿರುತ್ತದೆ. ಮೊಬೈಲಿನಲ್ಲಿ ತೆಂಗಿನ ಮರ, ನೀಲಿ ನೀರು, ಬಿಳಿ ಹಾಸಿಗೆ. ಕೆಳಗೆ ರಾತ್ರಿಯೊಂದಕ್ಕೆ ಹದಿನೈದು ಸಾವಿರದ ಆಸುಪಾಸಿನ ದರ. ಇದನ್ನು ಶೋಕಿ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ವರ್ಷವಿಡೀ ಪೀಣ್ಯದಲ್ಲೋ ಬ್ಯಾಂಕಿನ ಕೌಂಟರಿನಲ್ಲೋ ದುಡಿದವರು ಎರಡು ದಿನ ಅಲೆಯ ಸದ್ದು ಕೇಳಬೇಕೆಂದರೆ ಅದು ನ್ಯಾಯವಾದ ಆಸೆ. ನ್ಯಾಯವಾದ ಆಸೆಗೆ ಸರಿಯಾದ ಬೆಲೆ ಎಷ್ಟು ಅನ್ನುವುದನ್ನೂ ಅಷ್ಟೇ ಗಂಭೀರವಾಗಿ ತೂಗಿ ನೋಡಬೇಕು.

ತೂಗುವಾಗ ಕಡಲನ್ನು ಮೊದಲೇ ತಕ್ಕಡಿಯಿಂದ ಇಳಿಸಿಬಿಡಬೇಕು. ಅದು ಯಾವ ರೆಸಾರ್ಟಿನದ್ದೂ ಅಲ್ಲ. ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ 1991ರಲ್ಲಿ ಬಂತು, 2011ರಲ್ಲಿ ಮತ್ತು 2019ರಲ್ಲಿ ಬದಲಾಯಿತು. ಸಡಿಲಿಕೆಗಳ ಬಗ್ಗೆ ಜಗಳ ಇದ್ದೇ ಇದೆ. ಆದರೆ ಉಬ್ಬರದ ನೀರು ಬಂದು ಹೋಗುವ ಮರಳು ಸಾರ್ವಜನಿಕರದ್ದು ಎಂಬ ಮಾತು ಬದಲಾಗಿಲ್ಲ. ‘ಪ್ರೈವೇಟ್ ಬೀಚ್’ ಎಂದು ಜಾಹೀರಾತಿನಲ್ಲಿ ಕಂಡರೆ ಅದರ ಅರ್ಥ ಇಷ್ಟೇ: ಅಲ್ಲಿಗೆ ಬರುವ ದಾರಿ ಬೇರೆಯವರಿಗೆ ಕಷ್ಟವಾಗಿದೆ. ಗೋಕರ್ಣದ ಓಂ ಬೀಚಿನಲ್ಲಿ ಮೂರು ಸಾವಿರದ ಕೋಣೆಯವರಿಗೂ ಇಪ್ಪತ್ತು ಸಾವಿರದ ಕೋಣೆಯವರಿಗೂ ಸೂರ್ಯ ಮುಳುಗುವುದು ಒಂದೇ ಕಡೆ.

ಮಾಲ್ಡೀವ್ಸ್ ನೋಡಿ ಬಂದ ಬಂಧುಗಳ ಫೋಟೊ ಈ ಲೆಕ್ಕವನ್ನು ಕೆಡಿಸುತ್ತದೆ. ಅಲ್ಲಿ 1972ರಲ್ಲಿ ಕುರುಂಬಾದಲ್ಲಿ ಮೊದಲ ರೆಸಾರ್ಟ್ ತೆರೆದಾಗಿನಿಂದ ಬೆಳೆದ ಪದ್ಧತಿಯೇ ಬೇರೆ. ಒಂದು ದ್ವೀಪಕ್ಕೆ ಒಂದು ರೆಸಾರ್ಟ್. ದ್ವೀಪ ಬೇಕಿದ್ದರೆ ಅವರಿಗೇ ದುಡ್ಡು ಕೊಡಬೇಕು. ಸುತ್ತ ಹವಳದ ದಿಬ್ಬ ಅಲೆಯನ್ನು ತಡೆಯುವುದರಿಂದ ಒಳಗಿನ ನೀರು ತಿಳಿ, ಶಾಂತ. ನಮ್ಮದು ತೆರೆದ ಕಡಲು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಘಟ್ಟದ ಮಣ್ಣನ್ನು ಹೊತ್ತು ತಂದು ಸುರಿಯುವ ಕಡಲು. ಅದರ ಬಣ್ಣ ಬೂದು ಹಸಿರು, ಮಳೆಗಾಲದಲ್ಲಿ ಕಂದು. ತಿಳಿನೀರು ನೋಡಬೇಕೆಂದರೆ ಮುರುಡೇಶ್ವರದಿಂದ ದೋಣಿ ಹತ್ತಿ ನೇತ್ರಾಣಿ ದ್ವೀಪದ ಕಡೆ ಹೋಗಬೇಕು. ಹಾಗಾಗಿ ಉತ್ತರ ಕನ್ನಡದ ದಂಡೆಯ ರೆಸಾರ್ಟ್ ತನ್ನ ಪುಟದಲ್ಲಿ ಗಾಢ ನೀಲಿ ನೀರು ತೋರಿಸುತ್ತಿದ್ದರೆ ಅದು ಈಜುಕೊಳದ್ದೇ ಇರಬೇಕು. ಬರೀ ಈಜುಕೊಳ, ಬಫೆ, ಸಂಜೆ ಡಿಜೆ ಬೇಕಿದ್ದರೆ ಕೆಂಗೇರಿ ದಾಟಿ ಬಿಡದಿ ಕಡೆ ಹೋದರೆ ಸಾಕು. ಅದಕ್ಕಾಗಿ ಐನೂರು ಕಿಲೋಮೀಟರಿಗೆ ಹತ್ತಿರದ ದಾರಿ ಸವೆಸಬೇಕಿಲ್ಲ.

ಸ್ವಚ್ಛತೆಗೆ, ಸುರಕ್ಷತೆಗೆ ದುಡ್ಡು ಕೊಡುತ್ತೇವೆ ಎನ್ನುವವರಿದ್ದಾರೆ. ಅದು ತೂಕದ ವಾದವೇ. ಆದರೆ ಹೊನ್ನಾವರದ ಕಾಸರಕೋಡು ಮತ್ತು ಉಡುಪಿ ಜಿಲ್ಲೆಯ ಪಡುಬಿದ್ರಿ ಕಡಲತೀರಗಳಿಗೆ 2020ರ ಅಕ್ಟೋಬರಿನಲ್ಲೇ ಬ್ಲೂ ಫ್ಲ್ಯಾಗ್ ಮಾನ್ಯತೆ ಸಿಕ್ಕಿತು. ಅದಕ್ಕೆ ನೀರಿನ ಪರೀಕ್ಷೆ, ಶೌಚಾಲಯ, ಬಟ್ಟೆ ಬದಲಿಸುವ ಕೋಣೆ, ಜೀವರಕ್ಷಕರು ಇರಲೇಬೇಕು. ಸಾರ್ವಜನಿಕ ತೀರವನ್ನೇ ಹೀಗೆ ಇಟ್ಟುಕೊಳ್ಳಬಹುದೆಂದು ಅವು ತೋರಿಸಿದವು. ಜೀವರಕ್ಷಕರ ಮಾತು ಬಂದಾಗ 2024ರ ಡಿಸೆಂಬರ್ ನೆನಪಾಗುತ್ತದೆ. ಶಾಲಾ ಪ್ರವಾಸಕ್ಕೆ ಬಂದಿದ್ದ ಮುಳಬಾಗಿಲು ತಾಲ್ಲೂಕಿನ ನಾಲ್ವರು ಹೆಣ್ಣುಮಕ್ಕಳು ಮುರುಡೇಶ್ವರದ ಕಡಲಿನ ಪಾಲಾದರು. ಬಯಲುಸೀಮೆಯ ನಮಗೆ ಕೆರೆ ಗೊತ್ತು, ಕಡಲು ಗೊತ್ತಿಲ್ಲ. ದಡಕ್ಕೆ ಬಂದ ನೀರು ಕೆಲವೆಡೆ ಇಕ್ಕಟ್ಟಾದ ಹಾದಿ ಹಿಡಿದು ರಭಸವಾಗಿ ಹಿಂದಕ್ಕೆ ಹೋಗುತ್ತದೆ. ಅಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಮಕ್ಕಳನ್ನು ಇಳಿಸಲು ಅದೇ ಒಳ್ಳೆಯ ಜಾಗದಂತೆ ಕಾಣುತ್ತದೆ. ಸಿಕ್ಕಿಕೊಂಡವರು ನೇರ ದಡದ ಕಡೆ ಈಜಲು ಹೋಗಿ ಸೋಲುತ್ತಾರೆ. ದಡದ ಗುಂಟ ಅಡ್ಡಕ್ಕೆ ಈಜಿ ಹೊರಬರಬೇಕು. ಈಜುಕೊಳಕ್ಕೆ ಕಾವಲುಗಾರನಿದ್ದಾನೆ ಎಂದರೆ ಕಡಲಿಗೂ ಇದ್ದಾನೆ ಎಂದಲ್ಲ. ದರ ಎಷ್ಟೇ ಇರಲಿ, ಇದನ್ನು ಬಾಯಿಬಿಟ್ಟು ಕೇಳಲೇಬೇಕು.

ಇನ್ನು ಬಿಲ್. ದಿನಕ್ಕೆ 7,500 ರೂಪಾಯಿ ಒಳಗಿನ ಕೋಣೆಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ 5. ಅದನ್ನು ದಾಟಿದರೆ ಶೇ 18. ಅಂಥ ದುಬಾರಿ ಹೋಟೆಲಿನೊಳಗೆ ಕೂತು ಉಂಡ ಊಟಕ್ಕೂ ಸಾಮಾನ್ಯವಾಗಿ ಶೇ 18 ಬೀಳುತ್ತದೆ, ಪೇಟೆಯ ಹೋಟೆಲಿನಲ್ಲಿ ಶೇ 5. 15,000ದ ಕೋಣೆಯಲ್ಲಿ ಎರಡು ರಾತ್ರಿ ಎಂದರೆ 35,400. 7,000ದ ಕೋಣೆಯಲ್ಲಿ 14,700. ನಡುವಿನ ಅಂತರ 20,700. ಮಧ್ಯಾಹ್ನ ಎರಡಕ್ಕೆ ಕೋಣೆ ಕೊಟ್ಟು ಹನ್ನೊಂದಕ್ಕೆ ಬಿಡಿಸುವ ಪದ್ಧತಿಯಲ್ಲಿ ಎರಡು ರಾತ್ರಿಗೆ ಸಿಗುವುದು 45 ಗಂಟೆ. ಡಿಸೆಂಬರಿನಲ್ಲಿ ಆ ಗಂಟೆಗಳು ಎಲ್ಲಿ ಹೋಗುತ್ತವೆ? ಕುಡ್ಲೆ ಬೀಚಿನಲ್ಲಿ ಬೆಳಗು, ಮಹಾಬಲೇಶ್ವರನ ದರ್ಶನಕ್ಕೆ ಸಾಲು, ಓಂ ಬೀಚಿನಿಂದ ಹಾಫ್ ಮೂನಿಗೆ ಗುಡ್ಡದ ದಾರಿ, ಮಿರ್ಜಾನ್ ಕೋಟೆ, ಯಾಣ. ಕೋಣೆಗೆ ಬರುವುದು ಸ್ನಾನಕ್ಕೆ, ನಿದ್ದೆಗೆ. ಗಟ್ಟಿ ಕಾಲಿನವರು ಚಳಿಗಾಲದಲ್ಲಿ ದುಬಾರಿ ರೆಸಾರ್ಟ್ ಹಿಡಿಯುವುದು ದಂಡ ಎಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ರಜೆಯ ಕಾರಣಕ್ಕೆ ದರ ಏರಿರುವ ಹೊತ್ತಿನಲ್ಲೇ ಅವರಿಗೆ ಕೋಣೆಯ ಉಪಯೋಗ ತೀರಾ ಕಡಿಮೆ.

ಊಟದ ವಿಷಯದಲ್ಲಂತೂ ನನಗೆ ಸಿಟ್ಟೇ ಇದೆ. ಕಡಲು ಕಾಣುವ ಮೇಜಿನ ಮೇಲೆ ಪನೀರ್ ಬಟರ್ ಮಸಾಲ, ಗೋಬಿ ಮಂಚೂರಿ, ಪಾಸ್ತಾ. ವಿಜಯನಗರದಲ್ಲಿ ಇವೇನು ಅಪರೂಪವೇ? ಅದೇ ದಂಡೆಯಲ್ಲಿ ಬೆಳಕು ಹರಿಯುವ ಹೊತ್ತಿಗೆ ಗಂಡಸರು ಹೆಂಗಸರು ಎರಡು ಸಾಲಾಗಿ ನಿಂತು ಯೇಂಡಿ ಬಲೆ ಎಳೆಯುತ್ತಿರುತ್ತಾರೆ. ಹಗ್ಗ ಹೆಗಲಿಗೆ ಬಿಗಿದು ಹಿಂದೆ ಹಿಂದೆ ಹೆಜ್ಜೆ. ಬಲೆಯ ಹೊಟ್ಟೆ ಮರಳಿಗೆ ಬಂದಾಗ ತಾರ್ಲೆ, ಬಂಗುಡೆ, ಸಣ್ಣ ಏಡಿ ಪಟಪಟ ಹಾರುತ್ತವೆ. ಬುಟ್ಟಿಯವರು ಅಲ್ಲೇ ಪಾಲು ಮಾಡಿ ಪೇಟೆಗೆ ನಡೆಯುತ್ತಾರೆ. ಇದರಲ್ಲಿ ಒಂದು ಬುಟ್ಟಿಯೂ ಪಕ್ಕದ ರೆಸಾರ್ಟಿನ ಅಡುಗೆಮನೆ ಸೇರದಿದ್ದರೆ ಆ ಅಡುಗೆಗೆ ದೊಡ್ಡ ಬೆಲೆ ಕೇಳುವ ಹಕ್ಕಿಲ್ಲ. ಮೀನು ತಿನ್ನದವರಿಗೂ ಅಲ್ಲಿ ಕೊರತೆಯಿಲ್ಲ: ತೊಡದೇವು, ಕೋಕಂ ಶರಬತ್ತು, ಮೇ ತಿಂಗಳಾದರೆ ಅಂಕೋಲೆಯ ಕರಿ ಇಶಾಡು ಮಾವು.

ಹಾಗಾದರೆ ದುಬಾರಿ ರೆಸಾರ್ಟ್ ಯಾರಿಗೂ ಬೇಡವೇ? ಬೇಕು. ವಿಜಯನಗರದ ನಮ್ಮ ದೊಡ್ಡಮ್ಮನಿಗೆ ಎರಡೂ ಮಂಡಿ ನೋವು. ಮರಳಿನಲ್ಲಿ ಹತ್ತು ಹೆಜ್ಜೆ ಇಡಲಾರರು. ಕೋಣೆಯ ಜಗಲಿಯಿಂದಲೇ ಅಲೆ ಕಾಣುವ ಕಡೆ ಅವರನ್ನು ಇಳಿಸಿದ್ದೆವು. ಬೆಳಿಗ್ಗೆ ಕಾಫಿ ಲೋಟ ಹಿಡಿದು ಕೂತವರು ಮಧ್ಯಾಹ್ನದ ಊಟಕ್ಕೂ ಏಳಲಿಲ್ಲ. ‘ಇಲ್ಲಿಂದ್ಲೇ ಎಲ್ಲಾ ಕಾಣ್ಸತ್ತೆ ಕಣೋ, ನೀವು ಹೋಗ್ಬನ್ನಿ’ ಅಂದರು. ಆ ಎರಡು ದಿನದಲ್ಲಿ ಕೊಟ್ಟ ಪ್ರತಿ ರೂಪಾಯಿಯೂ ಅವರಿಗೆ ಸಂದಿತು. ಕಡಲಿಗೆ ಹೋಗಲಾರದವರ ಹತ್ತಿರಕ್ಕೆ ಕಡಲನ್ನು ತಂದುಕೊಡುವುದು ಅಂಥ ಜಗಲಿಯ ನಿಜವಾದ ಕೆಲಸ. ಹೊಸ ಬಾಣಂತಿ, ಆಪರೇಷನ್ ಆಗಿ ಚೇತರಿಸಿಕೊಳ್ಳುತ್ತಿರುವವರು, ಗಾಲಿಕುರ್ಚಿಯವರು ಕೂಡ ಈ ಲೆಕ್ಕಕ್ಕೇ ಸೇರುತ್ತಾರೆ. ಓಂ ಬೀಚಿನ ಬಳಿಯ ಸ್ವಸ್ವರದಂಥ ಕಡೆ ಯೋಗ, ಆಯುರ್ವೇದಕ್ಕೆಂದೇ ದಿನಗಟ್ಟಲೆ ತಂಗುವವರ ಮಾತು ಬೇರೆ. ಅಲ್ಲಿಯ ಚಿಕಿತ್ಸೆಗೆ ಎರಡು ದಿನದ ವಾರಾಂತ್ಯ ಸಾಲದು.

ಕಾಲದ ವಿಷಯದಲ್ಲಿ ನನ್ನ ಆಯ್ಕೆ ಸೆಪ್ಟೆಂಬರ್. ಮಳೆಗಾಲದಲ್ಲಿ ದರ ಸಾಮಾನ್ಯವಾಗಿ ಇಳಿಯುತ್ತದೆ, ಆದರೆ ಜುಲೈಯಲ್ಲಿ ಆ ಕಡೆ ಹೋಗಿ ಎಂದು ನಾನು ಹೇಳಲಾರೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಹೆದ್ದಾರಿ 66ರ ಮೇಲೆ ಕುಸಿದು ಮನೆ, ಅಂಗಡಿ, ಲಾರಿಗಳನ್ನು ಗಂಗಾವಳಿಗೆ ನೂಕಿದ್ದನ್ನು ಮರೆಯಲಾಗದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ಸೆಪ್ಟೆಂಬರಿಗೆ ದೋಣಿಗಳು ಮತ್ತೆ ಇಳಿದಿರುತ್ತವೆ, ಮಳೆ ಬಿಟ್ಟು ಬಿಟ್ಟು ಬರುತ್ತದೆ, ಗುಡ್ಡ ಹಸಿರಾಗಿರುತ್ತದೆ. ಕಡಲು ಇನ್ನೂ ಒರಟು, ನೀರಿಗೆ ಇಳಿಯುವಂತಿಲ್ಲ. ಹಾಗಾಗಿ ಜಗಲಿಯಲ್ಲಿ ಕೂರುವುದೇ ಕೆಲಸ. ಆ ಜಗಲಿಗೆ ಕೊಟ್ಟ ದುಡ್ಡು ಆಗ ಪೂರ್ತಿ ದಕ್ಕುತ್ತದೆ. ಸಂಜೆ ಬೆಂಗಳೂರಿನಲ್ಲಿ ಪಂಚಗಂಗಾ ಎಕ್ಸ್‌ಪ್ರೆಸ್ ರೈಲು ಹತ್ತಿದರೆ ಬೆಳಿಗ್ಗೆ ಗೋಕರ್ಣ ರೋಡಿನಲ್ಲಿ ಇಳಿಯಬಹುದು.

ಬುಕ್ ಮಾಡುವ ಮುಂಚೆ ಫೋನ್ ಮಾಡಿ. ‘ಸೀ ವ್ಯೂ’ ಇದೆಯೇ ಎಂದು ಕೇಳಬೇಡಿ, ಇದೆ ಅಂತಲೇ ಹೇಳುತ್ತಾರೆ. ಹಾಸಿಗೆಯ ಮೇಲೆ ಕೂತರೆ ನೀರು ಕಾಣುತ್ತದೋ, ಮರದ ಸಂದಿಯಲ್ಲಿ ಇಣುಕಬೇಕೋ? ಕೋಣೆಯ ಬಾಗಿಲಿನಿಂದ ಮರಳಿನವರೆಗೆ ಎಷ್ಟು ಮೆಟ್ಟಿಲು, ಬಗ್ಗಿ ಗಾಡಿ ಎಲ್ಲಿಯವರೆಗೆ ಬರುತ್ತದೆ? ತೀರದಲ್ಲಿ ಜೀವರಕ್ಷಕ ಎಷ್ಟು ಗಂಟೆಯವರೆಗೆ ಇರುತ್ತಾನೆ? ಇವತ್ತು ಅಡುಗೆಮನೆಗೆ ಬಂದ ಮೀನು ಯಾವುದು? ಇವಕ್ಕೆ ಸೀದಾ ಉತ್ತರ ಕೊಡದೆ ವಾಟ್ಸಾಪಿನಲ್ಲಿ ಇನ್ನಷ್ಟು ಫೋಟೊ ಕಳಿಸುತ್ತೇವೆ ಎಂದರೆ ಮುಂಗಡ ಕಳಿಸಬೇಡಿ.