ಕೈ ಕಲಿಯದ್ದು, ಕಾಲು ಕಲಿತದ್ದು

ರಘು ದೀಕ್ಷಿತ್ ಬಗ್ಗೆ ಬರೆಯುವವರು ತಪ್ಪದೆ ಹೇಳುವ ಮಾತೊಂದಿದೆ: ಅವರು ಸಂಗೀತವನ್ನು ಕ್ರಮವಾಗಿ ಕಲಿತವರಲ್ಲ. ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿ ಚಿನ್ನದ ಪದಕ ಪಡೆದವರು. ಕಾಲೇಜಿನ ದಿನಗಳಲ್ಲಿ ಸಹಪಾಠಿಯೊಬ್ಬರ ಸವಾಲಿಗೆ ಗಿಟಾರ್ ಹಿಡಿದವರು. ಕಥೆ ಚೆಂದವಾಗಿದೆ, ಆದರೆ ಅರ್ಧದಷ್ಟೇ ನಿಜ. ಅದೇ ಹುಡುಗ ಭರತನಾಟ್ಯವನ್ನು ಗುರುಮುಖೇನ ಕಲಿತಿದ್ದ. ಕೈ ಕಲಿಯದಿದ್ದರೂ ಕಾಲು ಕಲಿತಿತ್ತು. ಅವರ ಹಾಡುಗಳ ಗುಟ್ಟು ಇಲ್ಲಿದೆ ಎಂದು ನನಗನ್ನಿಸುತ್ತದೆ.

ನಾನಿರುವ ಭಾಲ್ಕಿಯ ಸುತ್ತಮುತ್ತ ‘ತಾನೇ ಕಲಿತವರು’ ಎಂಬುದು ಅಂಥ ದೊಡ್ಡ ಬಿರುದೇನಲ್ಲ. ಭಜನೆಗೆ ಕೂತು ತತ್ವಪದ ಹಾಡುವವರಲ್ಲಿ ಸ್ವರ ಬರೆದುಕೊಂಡು ಕಲಿತವರು ಸಿಗುವುದು ಕಷ್ಟ. ಅವರೆಲ್ಲ ಕೇಳಿ ಕಲಿತವರು. ಒಂದು ನುಡಿ ತಪ್ಪಿದರೆ ಪಕ್ಕದ ಹಿರಿಯರು ತಾಳ ನಿಲ್ಲಿಸಿ ತಿದ್ದುತ್ತಾರೆ. ರಘು ಅವರಿಗೆ ಅಂಥ ಹಿರಿಯರ ಸಾಲು ಇರಲಿಲ್ಲ. ಅವರನ್ನು ತಿದ್ದಿದ್ದು ಎದುರಿಗಿದ್ದ ಜನ. ಜನ ಕುಣಿದರೆ ಹಾಡು ಸರಿ, ಕೂತರೆ ಏನೋ ಕೊರತೆ. ಆದ್ದರಿಂದಲೇ ಅವರ ರಚನೆಗಳಲ್ಲಿ ರಾಗದ ವಿಸ್ತಾರ ಕಡಿಮೆ, ಲಯದ ಹಿಡಿತ ಬಲು ಗಟ್ಟಿ. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ವೇದಿಕೆಗೆ ಬರುವುದು ಬರೀ ವೇಷವಲ್ಲ. ಆ ಗೆಜ್ಜೆಯೂ ಅವರಿಗೊಂದು ವಾದ್ಯ.

ಅವರ ಮೊದಲ ಆಲ್ಬಂ ಬಂದದ್ದು 2008ರಲ್ಲಿ, ವಿಶಾಲ್–ಶೇಖರ್ ಅವರ ಸಂಸ್ಥೆಯಿಂದ. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಶಿಶುನಾಳ ಶರೀಫರ ಪದಗಳೂ ಇದ್ದವು. ಭಾಲ್ಕಿಯವರಿಗೆ ಇದು ಸಣ್ಣ ಸಂಗತಿಯಲ್ಲ. ನಿಜಾಮರ ಕಾಲದಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಚನ್ನಬಸವ ಪಟ್ಟದ್ದೇವರ ಊರಿದು. ಉರ್ದು, ಮರಾಠಿಗಳ ನಡುವೆ ಕನ್ನಡ ಸಂಕೋಚದಿಂದ ಉಸಿರಾಡಿದ ನೆಲದಲ್ಲಿ, ಹಿಂದಿ ಹಾಡಿನ ಪಕ್ಕ ಶರೀಫರು ತಲೆಯೆತ್ತಿ ನಿಂತದ್ದನ್ನು ಕೇಳುವ ಸುಖವೇ ಬೇರೆ. 2011ರ ಗ್ಲಾಸ್ಟನ್‌ಬರಿ ಉತ್ಸವದವರೆಗೆ ರಘು ಹೋದದ್ದೂ ಇದೇ ಹಾದಿಯಲ್ಲಿ.

ಆದರೆ ಅಲ್ಲಿಯವರೆಗೆ ತಲುಪಿದ್ದು ಶರೀಫರ ಎಷ್ಟು ಭಾಗ? ಗುಡುಗುಡಿಯ ಪದವನ್ನೇ ನೋಡಿ. ಹೊಗೆ ಎಳೆಯುವ ನೆಪದಲ್ಲಿ ಅದು ಹೇಳುವುದು ಒಳಗಿನ ಮೋಹವನ್ನು ಕೊಚ್ಚಿ ಸುಡುವ ಮಾತನ್ನು. ಭಜನೆಯಲ್ಲಿ ಪ್ರತಿ ನುಡಿಯಾದ ಮೇಲೆ ಪಲ್ಲವಿಗೆ ಮರಳಿ ಮರಳಿ ಬರುತ್ತಾರೆ. ಅಷ್ಟರಲ್ಲಿ ಕೇಳುವವನ ಮನಸ್ಸು ಹುಕ್ಕಾದಿಂದ ದೇಹಕ್ಕೆ, ದೇಹದಿಂದ ಮೋಹಕ್ಕೆ ಇಳಿಯುತ್ತದೆ. ರಘು ಅವರ ಹಾಡಿನಲ್ಲಿ ಆ ಬಿಡುವಿಲ್ಲ. ಅರ್ಥ ಬಾಗಿಲಿಗೆ ಬರುವಷ್ಟರಲ್ಲಿ ನಾವು ಕುಣಿಯುತ್ತಿರುತ್ತೇವೆ. ಇಷ್ಟಾದರೂ ಇದನ್ನು ನಷ್ಟ ಎಂದಷ್ಟೇ ಬರೆದು ಕೈತೊಳೆದುಕೊಳ್ಳಲಾರೆ. ಭಜನೆಯ ಜಮಖಾನದಲ್ಲಿ ಕೂರದ ಹುಡುಗರ ಬಾಯಿಗೆ ಆ ಪದ ಬಂದಿದೆ. ಬಾಯಿಗೆ ಬಂದದ್ದು ಎಂದಾದರೂ ಒಳಗಿಳಿದೀತು. ಬಾಯಿಗೇ ಬಾರದ್ದು ಇಳಿಯುವುದಿಲ್ಲ.

ಸಿನಿಮಾ ಸಂಗೀತದಲ್ಲಿ ಈ ಕಾಲಿನ ವಿದ್ಯೆ ಇನ್ನೊಂದು ಪರೀಕ್ಷೆಗೆ ಒಳಗಾಗುತ್ತದೆ. ಅಲ್ಲಿ ಎದುರಿಗೆ ಜನರಿಲ್ಲ, ಹಾಡಬೇಕಾದದ್ದು ಪಾತ್ರದ ಅಳತೆಗೆ. ‘ಸೈಕೋ’ (2008) ಚಿತ್ರದ ಮಹದೇಶ್ವರನ ಹಾಡು ಗೆದ್ದದ್ದು ಸಿನಿಮಾ ಮರೆತವರಿಗೂ ಅದರ ಹೆಜ್ಜೆ ಕೇಳಿಸುವುದರಿಂದ. ಇಂದಿಗೂ ಅದು ವೇದಿಕೆಯ ಹಾಡೇ. ‘ಜಸ್ಟ್ ಮಾತ್ ಮಾತಲ್ಲಿ’ (2010) ಚಿತ್ರದಲ್ಲಿ ಅವರು ದನಿ ತಗ್ಗಿಸುವುದನ್ನು ಕಲಿಯುತ್ತಿದ್ದರು. ‘ಲವ್ ಮಾಕ್‌ಟೇಲ್’ (2020) ಹೊತ್ತಿಗೆ ಆ ಕಲಿಕೆ ಪಳಗಿದೆ. ಹಾಡುಗಳು ಕಥೆಗೆ ಒಪ್ಪುತ್ತವೆ, ಕಿವಿಗೆ ಹಿತ. ಆದರೆ ಯಾರದೆಂದು ಹೇಳದೆ ಕೇಳಿಸಿದರೆ ಎಲ್ಲವನ್ನೂ ರಘು ಅವರದೆಂದು ಗುರುತಿಸುವುದು ಸುಲಭವಲ್ಲ.

ಪಳಗಿದ ಮೇಲೆ ಗುರುತು ಮಸುಕಾಗುವುದು ಗುರುವಿಲ್ಲದೆ ಬೆಳೆದವರು ಎದುರಿಸುವ ಅಪಾಯ. ಅವರ ಒರಟೇ ಅವರ ಸಹಿ. ನಾನು ಅವರಿಂದ ಇನ್ನಷ್ಟು ನಯವನ್ನು ಬೇಡುವುದಿಲ್ಲ. ಸಿನಿಮಾದಲ್ಲಿ ಕಲಿತ ಆ ತಗ್ಗಿದ ದನಿಯನ್ನು ಒಮ್ಮೆ ಶರೀಫರ ಪದಕ್ಕೆ ತರಲಿ, ಗೆಜ್ಜೆ ಬಿಚ್ಚದೆಯೇ ನುಡಿ ನುಡಿಗೂ ನಿಂತು ಹಾಡಲಿ. ಅಂಥ ಹಾಡನ್ನು ಭಾಲ್ಕಿಯ ಭಜನೆಯವರು ತಾಳ ನಿಲ್ಲಿಸದೆ ಕೇಳಿಯಾರು.