ಬಲಿಪೀಠದಿಂದ ಬಂದ ಕನಿಕರ

ಹೊಸ ಒಡಂಬಡಿಕೆಯ ಗ್ರೀಕ್ ಕ್ರಿಯಾಪದಗಳಲ್ಲಿ ನನಗೆ ತುಂಬ ಹಿಡಿಸಿದ್ದು ನಾಲಗೆಗೆ ತೊಡರುವ ‘ಸ್ಪ್ಲಾಂಖ್ನಿಜೊಮಾಯ್’. ಸುವಾರ್ತೆಗಳಲ್ಲಿ ಯೇಸು ‘ಕನಿಕರಪಟ್ಟು’ ಎಂದು ಕನ್ನಡದಲ್ಲಿ ಓದುವ ಕಡೆ ಹಲವು ಬಾರಿ ಮೂಲದಲ್ಲಿರುವುದು ಇದೇ. ಪದ ಕೋಮಲವಾಗಿ ಕಂಡರೂ ಅದರ ಬೇರು ಇರುವುದು ಪ್ರಾಣಿಬಲಿಯಲ್ಲಿ.

‘ಸ್ಪ್ಲಾಂಖ್ನ’ ಎಂದರೆ ಬಲಿಪಶುವಿನ ಗುಂಡಿಗೆ, ಶ್ವಾಸಕೋಶ, ಕಲೀಜ, ಮೂತ್ರಪಿಂಡ. ತೊಡೆಮೂಳೆಗೆ ಕೊಬ್ಬು ಸುತ್ತಿ ದೇವರ ಪಾಲೆಂದು ಸುಟ್ಟ ಮೇಲೆ, ಇವನ್ನು ಸಲಾಕೆಗೆ ಚುಚ್ಚಿ ಬೇಯಿಸಿ, ಪೀಠದ ಸುತ್ತ ನಿಂತವರು ಮೊದಲು ತಿನ್ನುತ್ತಿದ್ದರು. ಉಳಿದ ಮಾಂಸದ ಪಾಲು ಆಮೇಲೆ. ‘ಇಲಿಯಡ್’ನ ಮೊದಲ ಸರ್ಗದಲ್ಲೇ ಈ ಊಟವಿದೆ. ಬೋಟಿ ಇದರಲ್ಲಿ ಸೇರಿಲ್ಲ, ಅದಕ್ಕೆ ಗ್ರೀಕರಲ್ಲಿ ಬೇರೆ ಹೆಸರಿತ್ತು. ಆದ್ದರಿಂದ ನಮ್ಮ ‘ಕರುಳು ಚುರುಕ್ ಎಂದಿತು’ ಇದಕ್ಕೆ ಸರಿಜೋಡಿ ಎನ್ನುವ ಪ್ರಸಂಗಿಗಳ ಮಾತು ಹತ್ತಿರ ಬರುತ್ತದೆ, ಪೂರ್ತಿ ಕೂಡುವುದಿಲ್ಲ. ಹಳೆಯ ಗ್ರೀಕರಿಗೆ ಈ ಒಳಾಂಗಗಳು ದಯೆಗಿಂತ ಸಿಟ್ಟಿನ ನೆಲೆ. ಅರಿಸ್ಟೋಫನೀಸನ ‘ಕಪ್ಪೆಗಳು’ ನಾಟಕದಲ್ಲಿ ಕೋಪದಿಂದ ಕಾಯುವುದು ಇವೇ. ಹಿಪೊಕ್ರೆಟಿಸನ ಹೆಸರಿನ ವೈದ್ಯಗ್ರಂಥಗಳಲ್ಲಿ ‘ಒಳ್ಳೆಯ ಸ್ಪ್ಲಾಂಖ್ನದವನು’ ಎಂದರೆ ಒಳಾಂಗ ಗಟ್ಟಿಯಿರುವವನು, ಅಷ್ಟೇ. ಅದೇ ವಿಶೇಷಣ ಪೇತ್ರನ ಮೊದಲ ಪತ್ರಕ್ಕೆ ಬರುವಾಗ ಕರುಣೆಯುಳ್ಳವನು ಎಂದಾಗಿದೆ.

ಈ ತಿರುವು ಯೆಹೂದ್ಯರ ಗ್ರೀಕಿನಲ್ಲಿ ಆದದ್ದು. ಅಲ್ಲಿಯೂ ಅದು ಸಲೀಸಾಗಿ ಆಗಲಿಲ್ಲ. ಮಕ್ಕಬಿಯರ ಎರಡನೆಯ ಗ್ರಂಥದ 6ನೇ ಅಧ್ಯಾಯದಲ್ಲಿ ನಾಲ್ಕನೆಯ ಅಂತಿಯೋಕಸನ ಆಳಿಕೆಯ ಚಿತ್ರವಿದೆ: ರಾಜನ ಹುಟ್ಟುಹಬ್ಬವೆಂದು ತಿಂಗಳು ತಿಂಗಳೂ ಯೆಹೂದ್ಯರನ್ನು ಎಳೆತಂದು ಅನ್ಯದೇವರ ಬಲಿಯ ಒಳಾಂಗ ತಿನ್ನಿಸುತ್ತಿದ್ದರು. ಆ ಬಲವಂತದ ಊಟಕ್ಕೆ ಇದೇ ಧಾತುವಿನ ನಾಮಪದ. ಮರುವಾಕ್ಯದಲ್ಲಿ ಇದೇ ಕ್ರಿಯಾಪದದ ಕರ್ತರಿರೂಪ. ಇಂಥ ಕಹಿ ನೆನಪಿನ ಶಬ್ದ ಮುಂದೆ ದಯೆಗೆ ನಿಂತದ್ದು ನನಗೆ ಇವತ್ತಿಗೂ ಸೋಜಿಗ.

ಹೊಸ ಒಡಂಬಡಿಕೆಯಲ್ಲಿ ಕ್ರಿಯಾಪದ ಬರುವುದು 12 ಸಲ, ಎಲ್ಲವೂ ಮತ್ತಾಯ, ಮಾರ್ಕ, ಲೂಕರಲ್ಲಿ. ಯೋಹಾನ ಮುಟ್ಟಿಲ್ಲ. ಪೌಲನಿಗೆ ನಾಮಪದವೇ ಸಾಕು. ಪುಟ್ಟ ಫಿಲೆಮೋನ ಪತ್ರದಲ್ಲೇ ಅದನ್ನು ಮೂರು ಸಲ ಬಳಸುತ್ತಾನೆ. ಯೇಸುವನ್ನು ಬಿಟ್ಟರೆ ಇದಕ್ಕೆ ಕರ್ತೃಗಳಾಗುವವರು ಮೂವರೇ, ಮೂವರೂ ಸಾಮ್ಯದ ಕಥೆಗಳವರು: ಸಾಲ ಮನ್ನಾ ಮಾಡಿದ ಒಡೆಯ, ಸಮಾರ್ಯದವನು, ದುಂದುಗಾರ ಮಗನ ಅಪ್ಪ. ಯಾಜಕನೂ ಲೇವಿಯನೂ ಗಾಯಾಳುವನ್ನು ನೋಡಿಯೇ ಇದ್ದರು. ಸಮಾರ್ಯದವನು ನೋಡಿದ್ದಕ್ಕೆ ಲೂಕ ಈ ಒಂದು ಕ್ರಿಯಾಪದ ಸೇರಿಸುತ್ತಾನೆ, ಕಥೆಯ ದಿಕ್ಕೇ ಬದಲಾಗುತ್ತದೆ.

ಈ ಪದದ ರಸಿಕರು ಜಗಳಕ್ಕೆ ನಿಲ್ಲುವ ಜಾಗ ಮಾರ್ಕ 1:41. ಕುಷ್ಠರೋಗಿಯೊಬ್ಬ ಮೊಣಕಾಲೂರಿ ಬೇಡುತ್ತಾನೆ. ಹೆಚ್ಚಿನೆಲ್ಲ ಹಸ್ತಪ್ರತಿಗಳಲ್ಲಿ ಯೇಸು ಕನಿಕರಪಟ್ಟು ಅವನನ್ನು ಮುಟ್ಟುತ್ತಾನೆ. ಕೇಂಬ್ರಿಜ್‌ನಲ್ಲಿರುವ, ಗ್ರೀಕ್–ಲ್ಯಾಟಿನ್ ಎರಡೂ ಇರುವ ಬೇಜಾ ಪ್ರತಿಯಲ್ಲಿ ಮಾತ್ರ ‘ಸಿಟ್ಟುಗೊಂಡು’ ಎಂದಿದೆ. ಕೆಲವು ಹಳೆಯ ಲ್ಯಾಟಿನ್ ಪ್ರತಿಗಳೂ ಅದರ ಜೊತೆಗಿವೆ. ಬೇಜಾ ಪ್ರತಿ ಸ್ವೇಚ್ಛೆಗೆ ಹೆಸರಾದದ್ದು, ಕಣ್ಣುಮುಚ್ಚಿ ನಂಬುವಂಥದ್ದಲ್ಲ. ಆದರೂ ನನ್ನ ಒಲವು ಸಿಟ್ಟಿನ ಕಡೆಗೇ. ಸಿಟ್ಟನ್ನು ಅಳಿಸಿ ಕನಿಕರ ಬರೆಯುವ ಲಿಪಿಕಾರನನ್ನು ಊಹಿಸಬಹುದು. ಕನಿಕರವನ್ನು ಅಳಿಸಿ ಸಿಟ್ಟು ಬರೆಯುವವನು ಯಾರು? ಇದೇ ಘಟನೆ ಹೇಳುವ ಮತ್ತಾಯ, ಲೂಕರಲ್ಲಿ ಎರಡೂ ಇಲ್ಲ. ಅವರ ಮುಂದಿದ್ದ ಮಾರ್ಕನಲ್ಲಿ ಕನಿಕರವಿದ್ದಿದ್ದರೆ ಬಿಡುತ್ತಿದ್ದರೇ? ಎರಡು ವಾಕ್ಯ ಕಳೆದರೆ ಮಾರ್ಕನೇ ಯೇಸು ಅವನನ್ನು ಗದರಿ ಕಳಿಸಿದ ಎನ್ನುತ್ತಾನೆ. ಸಿಟ್ಟು ಯಾರ ಮೇಲೆ, ರೋಗದ ಮೇಲೋ, ಅವನನ್ನು ಹೊರಗಿಟ್ಟವರ ಮೇಲೋ ಎಂಬ ಚರ್ಚೆ ಬೇರೆಯೇ ಇದೆ. ಇಂಗ್ಲಿಷಿನ ‘ನ್ಯೂ ಇಂಟರ್‌ನ್ಯಾಷನಲ್ ವರ್ಷನ್’ 2011ರ ಪರಿಷ್ಕರಣೆಯಲ್ಲಿ ಸಿಟ್ಟನ್ನೇ ಮೇಲೆ ತಂದು, ಕನಿಕರವನ್ನು ಅಡಿಟಿಪ್ಪಣಿಗೆ ಇಳಿಸಿತು.