ಮಾಗಡಿ ಚಿರತೆಯೂ ನಿಧಿಯ ದ್ವೀಪವೂ

ಎಳೆಯ ಓದುಗರಿಗೆ ಅಭಿಜಾತ ಕಾದಂಬರಿಗಳನ್ನು ಸೂಚಿಸುವುದು ಮೇಲುನೋಟಕ್ಕೆ ಹಿರಿಯರ ಸದಾಶಯದ ಕೆಲಸವಾಗಿ ಕಂಡರೂ ಅದು ಮೂಲತಃ ವಿಮರ್ಶೆಯ ಕೆಲಸ. ಯಾವ ಕೃತಿ, ಯಾವ ವಯಸ್ಸಿಗೆ, ಯಾವ ರೂಪದಲ್ಲಿ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡದೆ ಯಾರೂ ಒಂದು ಪುಸ್ತಕವನ್ನು ಮಗುವಿನ ಕೈಗೆ ಇಡಲಾರರು. ಅಭಿಜಾತ ಎಂಬ ಮಾತನ್ನು ಇಲ್ಲಿ ಸೀಮಿತ ಅರ್ಥದಲ್ಲಿ ಬಳಸಲಾಗಿದೆ: ಬರೆದವರ ಕಾಲವೂ ದೇಶವೂ ಹಿಂದೆ ಸರಿದ ಮೇಲೂ ಹೊಸ ತಲೆಮಾರಿನ ಮಕ್ಕಳು ಯಾರ ಒತ್ತಾಯವೂ ಇಲ್ಲದೆ ಮುಂದಿನ ಪುಟ ತಿರುವುವಂತೆ ಮಾಡುವ ಕೃತಿ ಅಭಿಜಾತವೇ ಹೊರತು, ಹಳೆಯದೆಂಬ ಕಾರಣಕ್ಕೆ ಮರ್ಯಾದೆ ಗಿಟ್ಟಿಸಿಕೊಂಡ ಕೃತಿಯಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳು, 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ಒಂದು ಜಿಲ್ಲೆಯಾಗಿ, 2025ರಲ್ಲಿ ಆ ಜಿಲ್ಲೆಯ ಹೆಸರೇ ಬೆಂಗಳೂರು ದಕ್ಷಿಣವೆಂದು ಬದಲಾಗುವುದನ್ನೂ ಕಂಡ ಈ ಸೀಮೆ, ಇಂಥ ಸೂಚನೆಯ ಗುಣದೋಷಗಳನ್ನು ಪರೀಕ್ಷಿಸಲು ತಕ್ಕ ಜಾಗ. ರಾಜಧಾನಿಯ ಖಾಸಗಿ ಶಾಲೆಗಳ ಓದಿನ ಪಟ್ಟಿ ಹೆದ್ದಾರಿ ಹಿಡಿದು ಇಲ್ಲಿಗೆ ಬೇಗ ತಲುಪುತ್ತದೆ; ಆದರೆ ಆ ಪಟ್ಟಿಯನ್ನು ಓದಬೇಕಾದ ಮಕ್ಕಳ ಮನೆಯಲ್ಲಿ ಹಿಪ್ಪುನೇರಳೆ ಸೊಪ್ಪು, ರೇಷ್ಮೆ ಹುಳುವಿನ ತಟ್ಟೆ, ಅರಗಿನ ಬಣ್ಣ ಹಚ್ಚಿದ ಬೊಂಬೆ, ಮಾವಿನ ಫಸಲು ಇವುಗಳ ಲೆಕ್ಕಾಚಾರ ನಡೆಯುತ್ತಿರುತ್ತದೆ.

ಕನ್ನಡದ ಮಕ್ಕಳ ಸಾಹಿತ್ಯ ಬೆಳೆದದ್ದು ಹೆಚ್ಚಾಗಿ ಪದ್ಯದ ನೆಲೆಯಲ್ಲಿ. ಪಂಜೆ ಮಂಗೇಶರಾಯರು, ಹೊಯ್ಸಳ, ರಾಮನಗರದಲ್ಲೇ ಹುಟ್ಟಿದ ಜಿ.ಪಿ. ರಾಜರತ್ನಂ ಇವರೆಲ್ಲರ ಸಾಧನೆ ಶಿಶುಗೀತೆಯದು. ಗದ್ಯದಲ್ಲಿ ಮಗುವಿಗೆ ದೊರೆತದ್ದು ಬಹುಮಟ್ಟಿಗೆ ಪಂಚತಂತ್ರದ ಮಾದರಿಯ ನೀತಿಕಥೆ, 1949ರಿಂದ ಕನ್ನಡದಲ್ಲಿ ಬಂದ ‘ಚಂದಮಾಮ’ದ ಕಥೆ, ಮಹಾಪುರುಷರ ಕಿರುಚರಿತ್ರೆ. ಇವೆಲ್ಲವೂ ಒಂದು ಕೂತಿಗೆ ಮುಗಿಯುವಂಥವು. ಕಾದಂಬರಿಯ ಓದು ಬೇರೆಯೇ ಅಭ್ಯಾಸವನ್ನು ಬೇಡುತ್ತದೆ: ನಿನ್ನೆ ಬಿಟ್ಟ ಜಾಗದಿಂದ ಇಂದು ಮುಂದುವರಿಯಬೇಕು, ಮೂರನೆಯ ಅಧ್ಯಾಯದಲ್ಲಿ ಬಂದುಹೋದ ಪಾತ್ರ ಹದಿನೈದನೆಯದರಲ್ಲಿ ತಲೆಹಾಕಿದಾಗ ಗುರುತು ಹಿಡಿಯಬೇಕು, ಒಳ್ಳೆಯವನೋ ಕೆಟ್ಟವನೋ ಎಂದು ತೀರ್ಮಾನಿಸದೆ ಒಬ್ಬ ಮನುಷ್ಯನ ಜೊತೆ ನೂರಾರು ಪುಟ ನಡೆಯಬೇಕು. ಪದ್ಯದಿಂದ ಪಠ್ಯಪುಸ್ತಕಕ್ಕೆ ಜಿಗಿದ ಮಗು ಈ ಅಭ್ಯಾಸವಿಲ್ಲದೆಯೇ ಪ್ರೌಢಶಾಲೆಗೆ ಬರುತ್ತದೆ. ದ್ವಿತೀಯ ಪಿಯುಸಿಯ ಕನ್ನಡ ಪಠ್ಯದಲ್ಲಿ ಪೂರ್ಣಚಂದ್ರ ತೇಜಸ್ವಿಯವರ ‘ಕೃಷ್ಣೇಗೌಡನ ಆನೆ’ ದೀರ್ಘಗದ್ಯವಾಗಿ ಎದುರಾಗುವ ಹೊತ್ತಿಗೆ ಅನೇಕರಿಗೆ ಅದೇ ಮೊದಲ ನೀಳ್ಗಥನವಾಗಿರುತ್ತದೆ, ಅದೂ ಅಂಕದ ಭಯದೊಡನೆ.

ಈ ಕೊರತೆಯನ್ನು ತುಂಬಲೆಂದು ಸೂಚಿಸಲಾಗುವ ಪಾಶ್ಚಾತ್ಯ ಕೃತಿಗಳು ಸಾಮಾನ್ಯವಾಗಿ ಸಂಗ್ರಹರೂಪದಲ್ಲಿ ಬರುತ್ತವೆ. ಸಂಗ್ರಹವೆಂದರೆ ಕಥೆಯ ಘಟನೆಗಳನ್ನು ಉಳಿಸಿ, ವರ್ಣನೆ, ಸಂಭಾಷಣೆ, ನಿರೂಪಕನ ದನಿ ಇವನ್ನು ಕತ್ತರಿಸಿದ ಆವೃತ್ತಿ. ಶಾಲಾ ವಾರ್ಷಿಕೋತ್ಸವದ ಬಹುಮಾನದ ಕಟ್ಟಿನಲ್ಲಿ ಅಗ್ಗವಾಗಿ ಸಿಗುವುದು ಇದೇ. ಆರ್.ಎಲ್. ಸ್ಟೀವನ್‌ಸನ್‌ನ ‘ಟ್ರೆಷರ್ ಐಲೆಂಡ್’ (1883) ಕಾದಂಬರಿಯನ್ನು ನಲವತ್ತು ಪುಟಕ್ಕೆ ಇಳಿಸಿದಾಗ ನಕಾಶೆ, ಹಡಗು, ದ್ವೀಪ, ನಿಧಿ ಎಲ್ಲವೂ ಉಳಿದುಕೊಳ್ಳುತ್ತವೆ. ಕಳೆದುಹೋಗುವುದು ಒಂಟಿಕಾಲಿನ ಅಡುಗೆಯವ ಲಾಂಗ್ ಜಾನ್ ಸಿಲ್ವರ್ ಮಾತ್ರ. ಮೂಲದಲ್ಲಿ ಅವನು ಹುಡುಗ ಜಿಮ್‌ನನ್ನು ಪ್ರೀತಿಯಿಂದ ಮಾತನಾಡಿಸುತ್ತಾನೆ. ಸೇಬಿನ ಪೀಪಾಯಿಯೊಳಗೆ ಅಡಗಿ ಕೂತ ಜಿಮ್, ಅದೇ ಹೊಗಳಿಕೆಯ ಮಾತುಗಳನ್ನು ಅವನು ಇನ್ನೊಬ್ಬ ತರುಣನಿಗೂ ಹೇಳುವುದನ್ನು, ಆಮೇಲೆ ಕೊಲೆಯ ಸಂಚನ್ನು ಕೇಳಿಸಿಕೊಳ್ಳುತ್ತಾನೆ. ಆದರೂ ಕೊನೆಯಲ್ಲಿ ಸಿಲ್ವರ್ ಒಂದಿಷ್ಟು ನಾಣ್ಯದೊಡನೆ ತಪ್ಪಿಸಿಕೊಂಡಾಗ ಜಿಮ್‌ಗಾಗಲೀ ಓದುಗನಿಗಾಗಲೀ ಪೂರ್ತಿ ಸಿಟ್ಟು ಬರುವುದಿಲ್ಲ. ಮೆಚ್ಚಿಕೊಂಡ ಮನುಷ್ಯನೇ ಮೋಸಗಾರನಾಗಿರಬಹುದೆಂಬ ಅರಿವು ಮಗುವಿಗೆ ನಿಧಾನವಾಗಿ ಇಳಿಯಬೇಕಾದದ್ದು. ಸಂಗ್ರಹಕಾರನಿಗೆ ಆ ವ್ಯವಧಾನವಿಲ್ಲ, ಅವನ ಕೈಯಲ್ಲಿ ಸಿಲ್ವರ್ ಬರಿಯ ಖಳನಾಗುತ್ತಾನೆ. ಮೂಲವೇ ಹೆಚ್ಚು ದೊಡ್ಡದಲ್ಲದ ಇಂಥ ಕೃತಿಯನ್ನು ಇನ್ನೂ ಕಿರಿದು ಮಾಡುವುದು ಮಗುವಿನ ಶಕ್ತಿಯ ಮೇಲಿನ ಅಪನಂಬಿಕೆಯಲ್ಲದೆ ಬೇರೇನೂ ಅಲ್ಲ. ಅಂಥ ಸಂಗ್ರಹವನ್ನು ಕೊಡುವುದಕ್ಕಿಂತ ಕೊಡದಿರುವುದು ಲೇಸು. ಏಕೆಂದರೆ ಅದನ್ನು ಮುಗಿಸಿದ ಮಗು ಆ ಕಾದಂಬರಿಯನ್ನು ತಾನು ಓದಿದ್ದೇನೆಂದೇ ನಂಬಿ, ಮುಂದೆ ಮೂಲದ ಕಡೆ ಸುಳಿಯುವುದಿಲ್ಲ.

ಹಾಗಾದರೆ ನೀಳ್ಗಥನದ ಅಭ್ಯಾಸವನ್ನು ಎಲ್ಲಿಂದ ಆರಂಭಿಸಬೇಕು? ಮಾಗಡಿಯ ಮಗುವಿನ ಮಟ್ಟಿಗೆ ಉತ್ತರ ಮಾಗಡಿಯ ಹೆಸರಿನಲ್ಲೇ ಇದೆ. ಕೆನೆತ್ ಆಂಡರ್ಸನ್‌ನ ಶಿಕಾರಿ ಅನುಭವಗಳನ್ನು ತೇಜಸ್ವಿಯವರು ‘ಕಾಡಿನ ಕಥೆಗಳು’ ಮಾಲೆಯಲ್ಲಿ ಕನ್ನಡಕ್ಕೆ ತಂದಾಗ ಅದರ ಒಂದು ಭಾಗ ‘ಮುನಿಶಾಮಿ ಮತ್ತು ಮಾಗಡಿ ಚಿರತೆ’ ಎಂಬ ಹೆಸರಿನಲ್ಲಿ ಬಂತು. ಇವು ಕಾದಂಬರಿಗಳಲ್ಲ, ದೀರ್ಘಕಥನಗಳು. ತೇಜಸ್ವಿಯವರ ಕೆಲಸವನ್ನೂ ಪದಕ್ಕೆ ಪದವಿಟ್ಟ ಅನುವಾದ ಎನ್ನುವುದಕ್ಕಿಂತ ಭಾವಾನುವಾದವೆಂದು, ಅಂದರೆ ಮೂಲದ ಸಂಗತಿಯನ್ನು ಅರಗಿಸಿಕೊಂಡು ಕನ್ನಡದ ಬರಹಗಾರ ತನ್ನ ಮಾತಿನಲ್ಲಿ ಮತ್ತೆ ಹೇಳುವ ಕ್ರಮವೆಂದು ತಿಳಿಯುವುದು ಸರಿ. ಸಾವನದುರ್ಗದ ಬಂಡೆಯ ಬುಡದ ಹಳ್ಳಿಗಳಲ್ಲಿ ಚಿರತೆ ಇಂದಿಗೂ ಕೊಟ್ಟಿಗೆಯ ಸುದ್ದಿಯೇ ಆಗಿರುವುದರಿಂದ ಅಲ್ಲಿನ ಓದುಗನಿಗೆ ಈ ಕಥನದ ಭಯ ಕಲ್ಪಿತವಾಗಿ ಕಾಣುವುದಿಲ್ಲ. ಗೊತ್ತಿರುವ ಊರಿನ ಹೆಸರು, ಗೊತ್ತಿರುವ ಪ್ರಾಣಿ, ಗೊತ್ತಿಲ್ಲದ ನಿರೂಪಣೆ, ಈ ಮೂರೂ ಕೂಡಿದಲ್ಲಿ ಪುಟಗಳ ಸಂಖ್ಯೆ ಮಗುವನ್ನು ಹೆದರಿಸುವುದಿಲ್ಲ. ಕೃತಿಗೆ ಮಿತಿಯೂ ಇದೆ. ಬಂದೂಕು ಹಿಡಿದ ಪರದೇಶಿ ಮೂಲದ ಬೇಟೆಗಾರನ ಕಣ್ಣಿನಿಂದಲೇ ಊರು ಕಾಣಿಸುವುದರಿಂದ ಊರಿನವರು ಹಲವೆಡೆ ಸಹಾಯಕರಾಗಿ, ಇಲ್ಲವೇ ಹಾಸ್ಯದ ವಸ್ತುವಾಗಿ ಉಳಿದುಬಿಡುತ್ತಾರೆ. ತೇಜಸ್ವಿಯವರ ಕನ್ನಡ ಆ ದೂರವನ್ನು ಸಾಕಷ್ಟು ತಗ್ಗಿಸಿದೆಯಾದರೂ ಅಳಿಸಿಲ್ಲ.

ಅದನ್ನು ಅಳಿಸಿದ ಕೃತಿ ಅವರದೇ ‘ಕರ್ವಾಲೊ’ (1980). ಹನ್ನೆರಡು ಹದಿಮೂರು ದಾಟಿದವರಿಗೆ ಕನ್ನಡದಲ್ಲಿ ಸೂಚಿಸಬಹುದಾದ ಕಾದಂಬರಿಗಳಲ್ಲಿ ಇದಕ್ಕೆ ಮೊದಲ ಸ್ಥಾನ ಕೊಡಬೇಕು. ಅದನ್ನು ಮಕ್ಕಳಿಗಾಗಿ ಬರೆದದ್ದಲ್ಲವೆಂಬ ಆಕ್ಷೇಪ ನಿಲ್ಲುವುದಿಲ್ಲ. ‘ರಾಬಿನ್‌ಸನ್ ಕ್ರೂಸೊ’ (1719) ಕೂಡ ಮಕ್ಕಳಿಗೆಂದು ಬರೆದದ್ದಾಗಿರಲಿಲ್ಲ, ಮಕ್ಕಳು ಅದನ್ನು ತಮ್ಮದಾಗಿಸಿಕೊಂಡರು. ಊರಿನ ಕಣ್ಣಿಗೆ ಕೆಲಸಕ್ಕೆ ಬಾರದ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಹುಟ್ಟಾ ನಿಸರ್ಗತಜ್ಞನನ್ನು ಕಾಣುವುದು, ಹಾರುವ ಓತಿಯನ್ನು ಹುಡುಕಿಕೊಂಡು ವಿಜ್ಞಾನಿ, ರೈತ, ಬಾಣಸಿಗ, ನಾಯಿ ಎಲ್ಲರೂ ಕೂಡಿ ಕಾಡು ಹೊಗುವುದು, ಕೊನೆಗೆ ಅದು ಕೈಗೆ ಸಿಗದೆ ಕಣಿವೆಯತ್ತ ತೇಲಿಹೋಗುವುದು, ಈ ಯಾವುದರಲ್ಲೂ ನೀತಿಪಾಠದ ನೆರಳಿಲ್ಲ. ಪರೀಕ್ಷೆಯಲ್ಲಿ ಹಿಂದೆ ಬಿದ್ದ ಹುಡುಗನೊಬ್ಬ ಕನಕಪುರದ ಯಾವುದೋ ಶಾಲೆಯ ಕೊನೆಯ ಬೆಂಚಿನಲ್ಲಿ ಮಂದಣ್ಣನನ್ನು ಭೇಟಿಯಾದರೆ ಏನಾದೀತೆಂಬುದನ್ನು ಯಾವ ಸುತ್ತೋಲೆಯೂ ಮೊದಲೇ ಗೊತ್ತುಮಾಡಲಾರದು. ಕಳ್ಳಭಟ್ಟಿಯ ಪ್ರಸಂಗವನ್ನು ಮುಂದಿಟ್ಟು ಕಾದಂಬರಿಯನ್ನು ದೂರವಿಡುವ ಹಿರಿಯರು, ಮಕ್ಕಳು ಊರಿನಲ್ಲಿ ಕಾಣುತ್ತಿರುವುದನ್ನೇ ಪುಸ್ತಕದಲ್ಲಿ ಕಾಣಬಾರದೆನ್ನುತ್ತಿದ್ದಾರೆ, ಅಷ್ಟೆ. ಚನ್ನಪಟ್ಟಣ, ಕನಕಪುರಗಳ ಹೊಲಕ್ಕೆ ಕಾಡಾನೆ ನುಗ್ಗುವ ದಿನಗಳಲ್ಲಿ, ಊರಿನ ಪ್ರತಿಯೊಂದು ಅನಾಹುತಕ್ಕೂ ಒಂದು ಸಾಕಾನೆಯನ್ನೇ ಹೊಣೆ ಮಾಡುವ ‘ಕೃಷ್ಣೇಗೌಡನ ಆನೆ’ಯನ್ನೂ ಪಿಯುಸಿಯವರೆಗೆ ಕಾಯಿಸಬೇಕಾಗಿಲ್ಲ.

ಇಲ್ಲಿ ಕಾದಂಬರಿಯ ಗಡಿ ದಾಟಿ ಒಂದು ಆತ್ಮಕಥನವನ್ನೂ ಹೆಸರಿಸಬೇಕಾಗುತ್ತದೆ. ಮಾಗಡಿ ಸೀಮೆಯಲ್ಲಿ ಹುಟ್ಟಿದ ಕವಿ ಸಿದ್ಧಲಿಂಗಯ್ಯ (1954–2021) ಅವರ ‘ಊರುಕೇರಿ’ಯ ಮೊದಲ ಭಾಗ ಈ ನೆಲದ ಬಾಲ್ಯವನ್ನು ಕುರಿತ ಅತ್ಯುತ್ತಮ ಗದ್ಯ. ಎತ್ತಿನ ಜಾಗದಲ್ಲಿ ನೊಗಕ್ಕೆ ಹೆಗಲು ಕೊಟ್ಟ ಮನುಷ್ಯರಲ್ಲಿ ತನ್ನ ತಂದೆಯೂ ಒಬ್ಬರೆಂಬುದನ್ನು ಮಗು ಕಾಣುವ ದೃಶ್ಯ ಅಲ್ಲಿದೆ. ಅದರ ಪಕ್ಕದಲ್ಲೇ ನಗು ತಡೆಯಲಾಗದ ಪ್ರಸಂಗಗಳೂ ಇವೆ. ಅವಮಾನವನ್ನು ಹಾಸ್ಯದ ಮಗ್ಗುಲಲ್ಲಿ ಇಟ್ಟು ಹೇಳುವ ಈ ಬಗೆ ಮಾರ್ಕ್ ಟ್ವೇನ್‌ನ ‘ಹಕಲ್‌ಬರಿ ಫಿನ್’ ಓದಲು ಹೊರಟವರಿಗೆ ಒಳ್ಳೆಯ ಪೂರ್ವಸಿದ್ಧತೆ. ಅಭಿಜಾತ ಕೃತಿಗಳ ಪಟ್ಟಿ ಮಾಡುವವರಿಗೆ ಹಕಲ್‌ಬರಿಯ ಮಿಸಿಸಿಪ್ಪಿ ನದಿ ನೆನಪಾಗಿ ಸಿದ್ಧಲಿಂಗಯ್ಯನವರ ಹುಟ್ಟೂರು ಮಂಚನಬೆಲೆ ನೆನಪಾಗದಿರುವುದು ಅರಿಯದೆ ಆದ ಲೋಪವೆಂದೇ ಇಟ್ಟುಕೊಂಡರೂ ಲೋಪವೇ.

ಸ್ಥಳೀಯತೆಯೊಂದೇ ಮಾನದಂಡವಾದರೆ ಓದು ಊರಿನ ಗಡಿಯಲ್ಲೇ ನಿಂತುಬಿಡುವ ಅಪಾಯವಿದೆ. ಲಾರಾ ಇಂಗಲ್ಸ್ ವೈಲ್ಡರ್‌ಳ ಕಾದಂಬರಿಗಳು ಎಸ್. ಅನಂತನಾರಾಯಣ ಅವರ ಅನುವಾದದಲ್ಲಿ ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’, ‘ರೈತರ ಹುಡುಗ’ ಮುಂತಾಗಿ ಕನ್ನಡದಲ್ಲಿ ದೊರೆತಿವೆ. ರೇಷ್ಮೆ ಹುಳು ನಾಲ್ಕನೆಯ ಜ್ವರದಿಂದೆದ್ದು, ಅಂದರೆ ನಾಲ್ಕನೆಯ ಸಲ ಪೊರೆ ಕಳಚಿ, ಹಗಲೂ ರಾತ್ರಿ ಸೊಪ್ಪು ಬೇಡುವ ದಿನಗಳಲ್ಲಿ ಮನೆಮಂದಿಯೊಡನೆ ತಾನೂ ದುಡಿಯುವ ರೈತರ ಮಗುವಿಗೆ, ಕೆಲಸವನ್ನು ಹೆಮ್ಮೆಯಿಂದಲೂ ವಿವರವಾಗಿಯೂ ಹೇಳುವ ‘ರೈತರ ಹುಡುಗ’ ಪರದೇಶದ ಕಥೆಯಾಗಿ ಕಾಣದು. ಇದೇ ಸೀಮೆಯ ರೇಷ್ಮೆ ನೂಲು ಬಿಚ್ಚುವ ಘಟಕಗಳಲ್ಲಿ ಮಕ್ಕಳು ಜೀತಕ್ಕೆ ದುಡಿದ ಚರಿತ್ರೆಯೂ ಇರುವುದರಿಂದ, ಮನೆಯ ದುಡಿಮೆಗೂ ಮಾರಾಟವಾದ ಬಾಲ್ಯಕ್ಕೂ ಇರುವ ಅಂತರವನ್ನು ಚರ್ಚಿಸಲು ಆ ಪುಸ್ತಕ ಒಂದು ನೆಪವಾಗಬಲ್ಲದು. ಆದರೆ ‘ಹುಲ್ಲುಗಾವಲಿನಲ್ಲಿ ಪುಟ್ಟ ಮನೆ’ಯಲ್ಲಿ ಅಮೆರಿಕದ ಮೂಲನಿವಾಸಿಗಳ ಚಿತ್ರಣ ಪೂರ್ವಗ್ರಹದಿಂದ ಕೂಡಿದೆ, ಈ ಕಾರಣಕ್ಕೇ 2018ರಲ್ಲಿ ಅಮೆರಿಕದ ಮಕ್ಕಳ ಗ್ರಂಥಪಾಲಕರ ಸಂಘ ತನ್ನ ಪ್ರತಿಷ್ಠಿತ ಪ್ರಶಸ್ತಿಯಿಂದ ವೈಲ್ಡರ್‌ಳ ಹೆಸರನ್ನು ತೆಗೆಯಿತು. ಪ್ರಶಸ್ತಿಯ ಹೆಸರು ಬದಲಾಯಿತೇ ಹೊರತು ಪುಸ್ತಕಕ್ಕೆ ನಿಷೇಧ ಬೀಳಲಿಲ್ಲವೆಂಬುದನ್ನು ಗಮನಿಸಬೇಕು. ಫ್ರಾನ್ಸಿಸ್ ಹಾಡ್ಜ್‌ಸನ್ ಬರ್ನೆಟ್‌ಳ ‘ದಿ ಸೀಕ್ರೆಟ್ ಗಾರ್ಡನ್’ (1911) ಆರಂಭದಲ್ಲಿ ಭಾರತದ ಆಳುಕಾಳುಗಳು ಕಾಣಿಸಿಕೊಳ್ಳುವ ರೀತಿಯೂ ಇಂಥದ್ದೇ. ಇಂಥ ಕೃತಿಗಳನ್ನು ಬಹುಮಾನವಾಗಿ ಕೊಟ್ಟು ಕೈತೊಳೆದುಕೊಳ್ಳುವುದು ಸಲ್ಲದು. ಹಿರಿಯರೊಬ್ಬರು ಜೊತೆಗೆ ಕೂತು ಓದುವಂತಿದ್ದರೆ ಮಾತ್ರ ಅವನ್ನು ಸೂಚಿಸಬಹುದು.

ಕನ್ನಡದಲ್ಲಿ ಮಕ್ಕಳ ಕಾದಂಬರಿಯೇ ಇಲ್ಲವೆಂಬ ಹಳೆಯ ದೂರು ಈಗ ಪೊಳ್ಳಾಗಿದೆ. ಕೇಂದ್ರ ಸಾಹಿತ್ಯ ಅಕಾಡೆಮಿಯ ಬಾಲಸಾಹಿತ್ಯ ಪುರಸ್ಕಾರ 2011ರಲ್ಲಿ ನಾ. ಡಿಸೋಜರ ‘ಮುಳುಗಡೆಯ ಊರಿಗೆ ಬಂದವರು’ ಕೃತಿಗೆ ಸಂದಿತು. 2019ರಿಂದ 2023ರವರೆಗೆ ಸತತ ಐದು ವರ್ಷ ಕನ್ನಡದ ಪುರಸ್ಕಾರ ಪಡೆದದ್ದು ಕಾದಂಬರಿಗಳೇ: ಚಂದ್ರಕಾಂತ ಕರದಳ್ಳಿಯವರ ‘ಕಾಡು ಕನಸಿನ ಬೀದಿಗೆ’, ಎಚ್.ಎಸ್. ಬ್ಯಾಕೋಡರ ‘ನಾನೂ ಅಂಬೇಡ್ಕರ್’, ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿಯವರ ‘ಸೂರಕ್ಕಿ ಗೇಟ್’. ಈ ಐವರೂ ಉತ್ತರ ಕರ್ನಾಟಕ, ಮಲೆನಾಡು, ಕರಾವಳಿಗಳ ಕಡೆಯವರು. ಅಭಿಜಾತವೆನ್ನಿಸಿಕೊಳ್ಳಲು ಇವಕ್ಕೆ ಇನ್ನೂ ವಯಸ್ಸಾಗಿಲ್ಲ, ಎಲ್ಲವೂ ಆ ಮಟ್ಟ ಮುಟ್ಟಬೇಕೆಂದೂ ಇಲ್ಲ. ಆದರೂ ಕೃತಿಯೊಂದು ಅಭಿಜಾತವಾಗುವುದು ಒಂದೆರಡು ತಲೆಮಾರಿನ ಮಕ್ಕಳು ಓದಿದ ಮೇಲೆಯೇ ಆದ್ದರಿಂದ, ಸೂಚಿಸುವವರ ಪಟ್ಟಿಯಲ್ಲಿ ಇವು ಇಲ್ಲದಿದ್ದರೆ ಆ ಪರೀಕ್ಷೆ ನಡೆಯುವುದೇ ಇಲ್ಲ.

ರಾಮನಗರ, ಚನ್ನಪಟ್ಟಣಗಳ ರೇಷ್ಮೆ ಮತ್ತು ಬೊಂಬೆ ಕಸುಬಿನ ಕೇರಿಗಳಲ್ಲಿ ಮನೆಮಾತು ಉರ್ದುವಾಗಿರುವ ಮಕ್ಕಳ ವಿಷಯ ಬೇರೆಯೇ. ಅವರಿಗೆ ಕನ್ನಡ ಶಾಲೆಯ ಭಾಷೆ, ಇಂಗ್ಲಿಷ್ ಇನ್ನೂ ದೂರದ್ದು. ಇವರನ್ನು ಮನಸ್ಸಿನಲ್ಲಿಟ್ಟುಕೊಂಡು ತಯಾರಾದ ಪಟ್ಟಿ ಕಾಣುವುದು ಅಪರೂಪ. ಗಟ್ಟಿಯಾಗಿ ಓದಿ ಕೇಳಿಸುವ ರೂಢಿ ಇವರಿಗೆ ಮಿಕ್ಕವರಿಗಿಂತ ಹೆಚ್ಚು ನೆರವಾಗುತ್ತದೆ, ಏಕೆಂದರೆ ಕಣ್ಣಿಗೆ ತೊಡಕಾಗುವ ವಾಕ್ಯ ಎಷ್ಟೋ ಸಲ ಕಿವಿಗೆ ತೊಡಕಾಗುವುದಿಲ್ಲ. ನೀಲಗಾರರು ಇರುಳಿಡೀ ಮಂಟೇಸ್ವಾಮಿ ಕಾವ್ಯ ಹಾಡುವುದನ್ನು ಕೇಳಿ ಬೆಳೆದ ಸೀಮೆಗೆ, ಹೀಗೆ ದೀರ್ಘಕಥನವನ್ನು ಕಂತುಕಂತಾಗಿ ಕೇಳುವುದು ಹೊಸ ವಿದ್ಯೆಯೂ ಅಲ್ಲ.

ಸೂಚನೆ ಕಾರ್ಯರೂಪಕ್ಕೆ ಬರಬೇಕಾದ ಜಾಗ ಗ್ರಾಮ ಪಂಚಾಯಿತಿ ಗ್ರಂಥಾಲಯ. 2019ರಲ್ಲಿ ಪಂಚಾಯತ್ ರಾಜ್ ಇಲಾಖೆಗೆ ಸೇರಿ, ಈಗ ಅರಿವು ಕೇಂದ್ರಗಳೆನ್ನಿಸಿಕೊಂಡಿರುವ ಈ ಗ್ರಂಥಾಲಯಗಳಲ್ಲಿ, 2020ರಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದ ಮೂಲಕ ಆರರಿಂದ ಹದಿನೆಂಟು ವರ್ಷದವರಿಗೆ ಉಚಿತ ಸದಸ್ಯತ್ವ ದೊರೆಯಿತು. ಸದಸ್ಯತ್ವ ಬಂದ ಮೇಲೆ ಉಳಿಯುವುದು ಖರೀದಿಯ ಪ್ರಶ್ನೆ. ಐವತ್ತು ಶೀರ್ಷಿಕೆಯ ಕಿರುಹೊತ್ತಿಗೆಗಳನ್ನು ಒಂದೊಂದು ಪ್ರತಿಯಂತೆ ಕೊಂಡು ಬೀರು ತುಂಬಿಸುವುದಕ್ಕಿಂತ, ಸಂಗ್ರಹವಲ್ಲದ ಪೂರ್ಣಪಾಠದ ಐದಾರು ಕಾದಂಬರಿಗಳನ್ನು ಆರಿಸಿ ಪ್ರತಿಯೊಂದರ ಎಂಟು ಹತ್ತು ಪ್ರತಿ ತರಿಸುವುದು ಮೇಲು. ಒಂದೇ ವಾರ ಒಂದೇ ಕಾದಂಬರಿಯನ್ನು ಓದುತ್ತಿರುವ ಎಂಟು ಮಕ್ಕಳು ಮಾವಿನ ತೋಪಿನಲ್ಲಿ ಅದರ ಬಗ್ಗೆ ಜಗಳವಾಡಬಲ್ಲರು, ಯಾರು ಎಲ್ಲಿಯವರೆಗೆ ಬಂದಿದ್ದಾರೆಂದು ಕೇಳಬಲ್ಲರು, ಮುಂದೇನಾಯಿತೆಂದು ಹೇಳಿಬಿಡುವ ಗೆಳೆಯನ ಬಾಯಿ ಮುಚ್ಚಿಸಬಲ್ಲರು.